ಕೊನೆಯ ನಾಲ್ಕು ಅಡಿ

ಗಾಲ್ಫ್‌ನಲ್ಲಿ ಗೆಲುವು ಜಾರುವುದು ಕೆಲವೊಮ್ಮೆ ಮೊಳದಷ್ಟು ದೂರದಲ್ಲಿ. ಅದಿತಿ ಅಶೋಕ್, ಅನಿರ್ಬನ್ ಲಾಹಿರಿ ಆಡಿದ ಕೊನೆಯ ಗಳಿಗೆಗಳು ನಮಗೆ ಹೇಳುವುದೇನು?

ಸೊರಬದಲ್ಲಿ ಗಾಲ್ಫ್ ಮೈದಾನವಿಲ್ಲ. ಪಕ್ಕದ ಶಿಕಾರಿಪುರದಲ್ಲೂ ಇಲ್ಲ. ಹಸಿರು ಎಂದರೆ ನಮಗೆ ನಾಟಿಯಾದ ಗದ್ದೆ, ಅಡಿಕೆ ತೋಟ, ಕೆರೆಯಂಗಳ. ಹಾಗಿದ್ದೂ 2021ರ ಆಗಸ್ಟ್ 7ರ ಶನಿವಾರ ಬೆಳಗ್ಗೆ ನಮ್ಮ ಮನೆಯಲ್ಲಿ ಟಿ.ವಿ. ಮುಂದಿನಿಂದ ಯಾರೂ ಏಳಲಿಲ್ಲ. ಬರ್ಡಿ ಯಾವುದು, ಬೋಗಿ ಯಾವುದು ಎಂದು ಆ ಬೆಳಗ್ಗೆಯೇ ಕಲಿತವರು ನಾವು. ಟೋಕಿಯೊ ಒಲಿಂಪಿಕ್ಸ್‌ನ ಕೊನೆಯ ಸುತ್ತಿನಲ್ಲಿ ಬೆಂಗಳೂರಿನ ಅದಿತಿ ಅಶೋಕ್ ಪದಕದ ಹೊಸಿಲಲ್ಲಿ ನಿಂತಿದ್ದರು.

ಹದಿನೆಂಟನೆಯ ಹೋಲ್. ಗುಳಿಯ ಸುತ್ತಲಿನ ನುಣುಪು ಹುಲ್ಲಿನ ಗ್ರೀನ್ ಮೇಲೆ ಚೆಂಡು. ಪದಕದ ಪೈಪೋಟಿಯಲ್ಲಿ ಉಳಿಯಬೇಕಾದರೆ ಅದು ಒಂದೇ ಏಟಿಗೆ ಗುಳಿಗೆ ಬೀಳಬೇಕು. ಕ್ಯಾಡಿಯಾಗಿ ಬ್ಯಾಗ್ ಹೊತ್ತು ನಾಲ್ಕು ದಿನ ಜೊತೆಗೆ ನಡೆದ ತಾಯಿ ಮಾಹೇಶ್ವರಿ ಪಕ್ಕದಲ್ಲಿದ್ದರು. ಅದಿತಿ ಬಗ್ಗಿ ನೆಲದ ಇಳಿಜಾರು ನೋಡಿದರು, ನಿಂತರು, ಹೊಡೆದರು. ಚೆಂಡು ಗುಳಿಯ ಬದಿಯಿಂದ ಸರಿದುಹೋಯಿತು. ಮನೆಯಲ್ಲಿ ಯಾರೂ ಮಾತಾಡಲಿಲ್ಲ. ನಾಲ್ಕನೆಯ ಸ್ಥಾನ.

ಅದೇ ದಿನ ಸಂಜೆ ನೀರಜ್ ಚೋಪ್ರಾ ಜಾವೆಲಿನ್‌ನಲ್ಲಿ ಚಿನ್ನ ಗೆದ್ದರು. ದೇಶ ಕುಣಿಯಿತು, ಕುಣಿಯಲೇಬೇಕಿತ್ತು. ಬೆಳಗಿನ ನಾಲ್ಕನೆಯ ಸ್ಥಾನ ರಾತ್ರಿಯಾಗುವಷ್ಟರಲ್ಲಿ ಹಳೆಯ ಸುದ್ದಿಯಾಗಿತ್ತು. ಆ ಚೆಂಡು ಮಾತ್ರ ನನ್ನ ಮನಸ್ಸಿನಲ್ಲಿ ಇನ್ನೂ ಉರುಳುತ್ತಲೇ ಇದೆ. ಅಷ್ಟು ಹತ್ತಿರ ಬಂದು ಯಾಕೆ ತಪ್ಪುತ್ತದೆ? ತಪ್ಪಿದವರನ್ನು ನಾವು ಹೇಗೆ ನೋಡಬೇಕು? ಆ ಹುಡುಕಾಟವೇ ಈ ಬರಹ.

ಚಿಕ್ಕ ಗುಳಿ, ದೊಡ್ಡ ಲೆಕ್ಕ

ಆಟದ ಗಣಿತ ಸರಳ. ಒಂದು ಕೋರ್ಸ್‌ನಲ್ಲಿ 18 ಹೋಲ್. ಪ್ರತಿ ಹೋಲ್‌ಗೂ ಇಷ್ಟು ಹೊಡೆತ ಎಂಬ ನಿಗದಿ ಇರುತ್ತದೆ; ಅದು ಪಾರ್. ಅದಕ್ಕಿಂತ ಒಂದು ಕಡಿಮೆಯಲ್ಲಿ ಮುಗಿಸಿದರೆ ಬರ್ಡಿ, ಒಂದು ಹೆಚ್ಚಾದರೆ ಬೋಗಿ, ಎರಡು ಹೆಚ್ಚಾದರೆ ಡಬಲ್ ಬೋಗಿ. ದೊಡ್ಡ ಟೂರ್ನಿಗಳಲ್ಲಿ ಸಾಮಾನ್ಯವಾಗಿ ನಾಲ್ಕು ದಿನ, ನಾಲ್ಕು ಸುತ್ತು, 72 ಹೋಲ್. ಒಟ್ಟು ಕಡಿಮೆ ಹೊಡೆತ ಯಾರದೋ ಅವರೇ ಗೆದ್ದವರು.

ಗುಳಿಯ ಅಗಲ 108 ಮಿಲಿಮೀಟರ್. ಚೆಂಡು ಸುಮಾರು 43 ಮಿಲಿಮೀಟರ್. ಗ್ರೀನ್ ಮೇಲೆ ಚೆಂಡನ್ನು ಗುಳಿಗೆ ಉರುಳಿಸುವ ಹೊಡೆತಕ್ಕೆ ಪಟ್ ಎನ್ನುತ್ತಾರೆ. ಅಮೆರಿಕದ ಪಿಜಿಎ ಟೂರ್‌ನಲ್ಲಿ ಆಡುವ ವೃತ್ತಿಪರರು ಮೂರು ಅಡಿಯಿಂದ ಸಾಮಾನ್ಯವಾಗಿ ತಪ್ಪುವುದಿಲ್ಲ. ಎಂಟು ಅಡಿಗೆ ಹೋದರೆ ಎರಡರಲ್ಲಿ ಒಂದು ಬೀಳುತ್ತದೆ, ಒಂದು ತಪ್ಪುತ್ತದೆ. ಇಪ್ಪತ್ತು ಅಡಿಗೆ ಹೋದರೆ ಆರೇಳರಲ್ಲಿ ಒಂದು ಬಿದ್ದರೆ ದೊಡ್ಡದು. ಅಂದರೆ ಉದ್ದದ ಪಟ್ ತಪ್ಪಿದರೆ ಅದು ಆಟದ ಸಹಜ ಲೆಕ್ಕ. ಮೂರು, ನಾಲ್ಕು ಅಡಿಯದು ತಪ್ಪಿದರೆ ಮಾತ್ರ ಎದೆ ಒಡೆಯುತ್ತದೆ.

ಇನ್ನೊಂದು ಲೆಕ್ಕವೂ ಇದೆ. ಒಂದು ಸುತ್ತು ಮುಗಿಯಲು ನಾಲ್ಕರಿಂದ ಐದು ಗಂಟೆ ಬೇಕು. ಒಂದು ಹೊಡೆತಕ್ಕೆ ಎರಡು ಸೆಕೆಂಡು ಹಿಡಿದರೂ 70 ಹೊಡೆತಕ್ಕೆ ಎರಡೂವರೆ ನಿಮಿಷ ದಾಟುವುದಿಲ್ಲ. ಉಳಿದದ್ದೆಲ್ಲ ನಡಿಗೆ, ಕಾಯುವಿಕೆ, ಯೋಚನೆ. ಕಾಡುವುದು ಆ ಯೋಚನೆಯೇ.

ಟೋಕಿಯೊ: 67, 66, 68, 68

ಅದಿತಿ ಹುಟ್ಟಿದ್ದು ಬೆಂಗಳೂರಿನಲ್ಲಿ, 1998ರ ಮಾರ್ಚ್ 29ರಂದು. ಮನೆಯಲ್ಲಿ ಮೊದಲು ಗಾಲ್ಫ್ ಆಡಿದವರು ಯಾರೂ ಇರಲಿಲ್ಲ. ಕರ್ನಾಟಕ ಗಾಲ್ಫ್ ಸಂಸ್ಥೆಯ ಮೈದಾನದ ಸಮೀಪದ ಹೋಟೆಲಿನಲ್ಲಿ ಅಪ್ಪ ಅಮ್ಮನ ಜೊತೆ ತಿಂಡಿ ತಿನ್ನುತ್ತ, ಅತ್ತ ಆಡುವವರನ್ನು ನೋಡಿ ಆಸೆಪಟ್ಟ ಐದು ವರ್ಷದ ಮಗು ಅದು. 2016ರ ರಿಯೊ ಒಲಿಂಪಿಕ್ಸ್ ಹೊತ್ತಿಗೆ ವಯಸ್ಸು ಹದಿನೆಂಟು. ಆಗ ಬ್ಯಾಗ್ ಹೊತ್ತವರು ತಂದೆ ಅಶೋಕ್. ಅಲ್ಲಿಯೂ ಎರಡು ಸುತ್ತಿನ ಕೊನೆಗೆ ಮೊದಲ ಹತ್ತರೊಳಗಿದ್ದು, ಮುಗಿಯುವಾಗ 41ನೇ ಸ್ಥಾನಕ್ಕೆ ಜಾರಿದ್ದರು. ಅದೇ ವರ್ಷದ ನವೆಂಬರ್‌ನಲ್ಲಿ ಇಂಡಿಯನ್ ಓಪನ್‌ನ ಕೊನೆಯ ಹೋಲ್‌ನಲ್ಲಿ ಬರ್ಡಿ ಹೊಡೆದು ಒಂದೇ ಹೊಡೆತದ ಅಂತರದಿಂದ ಗೆದ್ದರು. ಲೇಡೀಸ್ ಯುರೋಪಿಯನ್ ಟೂರ್‌ನಲ್ಲಿ ಪ್ರಶಸ್ತಿ ಗೆದ್ದ ಮೊದಲ ಭಾರತೀಯೆ ಎನಿಸಿದರು.

ಟೋಕಿಯೊಗೆ ಹೋಗುವಾಗ ಅವರದು ವಿಶ್ವದ 200ನೇ ರ‍್ಯಾಂಕ್. ಕೆಲವೇ ತಿಂಗಳ ಹಿಂದೆ ಕೋವಿಡ್ ಬಂದು ಮೈಯ ಕಸುವು ಹೀರಿತ್ತು. ಚೆಂಡು ಮೊದಲಿನಷ್ಟು ದೂರ ಹೋಗುತ್ತಿರಲಿಲ್ಲ. ಕಸುಮಿಗಸೆಕಿ ಕಂಟ್ರಿ ಕ್ಲಬ್‌ನಲ್ಲಿ ಕೊನೆಯ ದಿನ ಜೊತೆಗೆ ಆಡಿದವರು ವಿಶ್ವದ ಮೊದಲ ರ‍್ಯಾಂಕಿನ ಅಮೆರಿಕದ ನೆಲ್ಲಿ ಕೊರ್ಡಾ ಮತ್ತು ನ್ಯೂಜಿಲೆಂಡ್‌ನ ಲಿಡಿಯಾ ಕೊ. ಕೊರ್ಡಾ ಹೊಡೆದ ಚೆಂಡು ಎಲ್ಲೋ ದೂರ ಬೀಳುತ್ತಿತ್ತು, ಅದಿತಿಯದು ಬಹಳ ಹಿಂದೆ. ಹಿಂದೆ ಬಿದ್ದವರೇ ಮೊದಲು ಹೊಡೆಯಬೇಕು, ಅದೂ ಹೆಚ್ಚು ದೂರದಿಂದ. ಬೇರೆಯವರು ಸಣ್ಣ ಏಟಿನಲ್ಲಿ ಮುಗಿಸುವ ಕೆಲಸವನ್ನು ಅವರು ದೊಡ್ಡ ಕ್ಲಬ್ ಹಿಡಿದು ಮಾಡಬೇಕು. ಆ ಕೊರತೆಯನ್ನೆಲ್ಲ ಗ್ರೀನ್ ಮೇಲೆ ಪಟ್‌ನಿಂದ ತುಂಬಿಸಿಕೊಂಡರು.

ಮೂರು ಸುತ್ತು ಮುಗಿದಾಗ ಎರಡನೆಯ ಸ್ಥಾನ. ಕೊನೆಯ ದಿನಕ್ಕೆ ಬಿರುಗಾಳಿ, ಮಳೆಯ ಮುನ್ಸೂಚನೆ ಇತ್ತು. ಆಟ ರದ್ದಾಗಿದ್ದರೆ ಮೂರು ಸುತ್ತಿನ ಲೆಕ್ಕದಲ್ಲಿ ಬೆಳ್ಳಿ ಅವರದಾಗುವ ಸಾಧ್ಯತೆಯೂ ಇತ್ತು. ಆಟ ನಡೆಯಿತು, ಆದರೆ ಕೊನೆಯ ಎರಡು ಹೋಲ್ ಬಾಕಿ ಇರುವಾಗ ಮಿಂಚಿನ ಭಯಕ್ಕೆ ನಿಂತಿತು. ಎಲ್ಲರೂ ಒಳಗೆ ಕೂತು ಕಾಯಬೇಕಾಯಿತು. ಪದಕಕ್ಕೂ ತನಗೂ ನಡುವೆ ಎರಡು ಹೋಲ್ ಇಟ್ಟುಕೊಂಡು ಸುಮ್ಮನೆ ಕೂರುವುದು ಎಷ್ಟು ಕಷ್ಟ ಎಂದು ಊಹಿಸಿ ನೋಡಿ.

ಮತ್ತೆ ಹೊರಬಂದು ಎರಡೂ ಹೋಲ್ ಪಾರ್‌ನಲ್ಲಿ ಮುಗಿಸಿದರು. ಒಟ್ಟು 269, ಅಂದರೆ ಪಾರ್‌ಗಿಂತ 15 ಕಡಿಮೆ. ಕೊರ್ಡಾ 17 ಕಡಿಮೆ ಮಾಡಿ ಚಿನ್ನ ಗೆದ್ದರು. 16 ಕಡಿಮೆ ಮಾಡಿದ ಜಪಾನಿನ ಮೋನೆ ಇನಾಮಿ ಮತ್ತು ಕೊ ನಡುವಿನ, ಸಮಬಲ ಮುರಿಯುವ ಪ್ಲೇ ಆಫ್‌ನಲ್ಲಿ ಬೆಳ್ಳಿ ಇನಾಮಿಗೆ ಹೋಯಿತು, ಕಂಚು ಕೊಗೆ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂದು ಅಂದು ಎಲ್ಲರೂ ಮರುಗಿದೆವು. ಆದರೆ ಅಂಕಪಟ್ಟಿ ಬೇರೆಯೇ ಹೇಳುತ್ತದೆ: 67, 66, 68, 68. ಇದರಲ್ಲಿ ಕುಸಿತ ಎಲ್ಲಿದೆ? ಕೊನೆಯ ದಿನವೂ ಐದು ಬರ್ಡಿ ಇವೆ. ಅದಿತಿ ಸೋತದ್ದು ಒತ್ತಡಕ್ಕಲ್ಲ, ತನಗಿಂತ ಒಂದು ಹೊಡೆತ ಚೆನ್ನಾಗಿ ಆಡಿದವರಿಗೆ. ಈ ಎರಡನ್ನೂ ನಾವು ಒಂದೇ ಬುಟ್ಟಿಗೆ ಹಾಕುತ್ತೇವೆ. ಅದು ತಪ್ಪು.

ಏಳು ಹೊಡೆತದ ಎರಡು ಕತೆ

ನಿಜವಾದ ಕುಸಿತ ಎರಡು ವರ್ಷದ ನಂತರ ಬಂತು. 2023ರ ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟ. ಮೂರನೆಯ ಸುತ್ತಿನಲ್ಲಿ ಅದಿತಿ 61 ಹೊಡೆದರು, ಪಾರ್‌ಗಿಂತ 11 ಕಡಿಮೆ. ಕಣ್ಣುಜ್ಜಿಕೊಂಡು ನೋಡುವಂಥ ಆಟ ಅದು. ಏಳು ಹೊಡೆತಗಳ ಮುನ್ನಡೆ ಸಿಕ್ಕಿತು. ಚಿನ್ನ ಬಂದೇ ಬಿಟ್ಟಿತು ಎಂದು ರಾತ್ರಿಯೇ ಎಲ್ಲರೂ ಲೆಕ್ಕ ಹಾಕಿದ್ದರು. ಅಕ್ಟೋಬರ್ 1ರಂದು ಅದೇ ಕೋರ್ಸ್‌ನಲ್ಲಿ, ಅದೇ ಕೈ 77 ಹೊಡೆಯಿತು. ಒಂದೇ ಬರ್ಡಿ, ನಾಲ್ಕು ಬೋಗಿ, ಒಂದು ಡಬಲ್ ಬೋಗಿ. ಥಾಯ್ಲೆಂಡ್‌ನ ಅರ್ಪಿಚಾಯಾ ಯುಬೋಲ್ 68 ಹೊಡೆದು ಎರಡು ಹೊಡೆತಗಳಿಂದ ಚಿನ್ನ ಗೆದ್ದರು. ಏಷ್ಯನ್ ಕ್ರೀಡಾಕೂಟದ ಗಾಲ್ಫ್‌ನಲ್ಲಿ ಭಾರತದ ಮಹಿಳೆಗೆ ಬಂದ ಮೊದಲ ಪದಕ ಅದಿತಿಯ ಆ ಬೆಳ್ಳಿ. ಆದರೆ ಗೆದ್ದ ಬೆಳ್ಳಿಗಿಂತ ಕೈತಪ್ಪಿದ ಚಿನ್ನದ ಮಾತೇ ಹೆಚ್ಚಾಯಿತು.

ಈಗ ಇದೇ ಏಳು ಹೊಡೆತವನ್ನು ಆಚೆ ದಡದಿಂದ ನೋಡೋಣ. ಅನಿರ್ಬನ್ ಲಾಹಿರಿ ಪುಣೆಯಲ್ಲಿ ಹುಟ್ಟಿದವರು, ಸೇನಾ ವೈದ್ಯರ ಮಗ, ಬೆಂಗಳೂರನ್ನು ನೆಲೆ ಮಾಡಿಕೊಂಡು ಬೆಳೆದ ಆಟಗಾರ. 2015ರ ಫೆಬ್ರುವರಿಯಲ್ಲಿ ದೆಹಲಿ ಗಾಲ್ಫ್ ಕ್ಲಬ್‌ನಲ್ಲಿ ಇಂಡಿಯನ್ ಓಪನ್‌ನ ಕೊನೆಯ ಸುತ್ತಿಗೆ ಇಳಿದಾಗ ಅವರು ಎಸ್.ಎಸ್.ಪಿ. ಚೌರಾಸಿಯಾಗಿಂತ ಏಳು ಹೊಡೆತ ಹಿಂದಿದ್ದರು. ಚೌರಾಸಿಯಾ 76 ಹೊಡೆದರು, ಲಾಹಿರಿ 69. ಲೆಕ್ಕ ಸಮವಾಗಿ ಪ್ಲೇ ಆಫ್ ನಡೆದು ಲಾಹಿರಿ ಗೆದ್ದರು. ಅಂದು ಕುಸಿದವರು ಇನ್ನೊಬ್ಬರು, ಚಪ್ಪಾಳೆ ಲಾಹಿರಿಗೆ.

ಎಂಟು ತಿಂಗಳು ಕಳೆಯುವುದರಲ್ಲಿ ಲೆಕ್ಕ ತಿರುಗಿತು. ದಕ್ಷಿಣ ಕೊರಿಯಾದ ಇಂಚಿಯಾನ್‌ನಲ್ಲಿ ಅಮೆರಿಕ ತಂಡಕ್ಕೂ ಅಂತರರಾಷ್ಟ್ರೀಯ ತಂಡಕ್ಕೂ ನಡೆಯುವ ಪ್ರೆಸಿಡೆಂಟ್ಸ್ ಕಪ್; ಅದರಲ್ಲಿ ಆಡಿದ ಮೊದಲ ಭಾರತೀಯ ಲಾಹಿರಿ. ಕೊನೆಯ ದಿನ ಅಮೆರಿಕದ ಕ್ರಿಸ್ ಕರ್ಕ್ ಎದುರಾಳಿ. ಹದಿನೆಂಟನೆಯ ಹೋಲ್‌ನಲ್ಲಿ ಕರ್ಕ್ ಸುಮಾರು 15 ಅಡಿಯಿಂದ ಪಟ್ ಹಾಕಿದರು. ಲಾಹಿರಿಗೆ ಉಳಿದದ್ದು ನಾಲ್ಕು ಅಡಿ. ಚೆಂಡು ಗುಳಿಯ ಅಂಚು ಹಿಡಿದು ಸುತ್ತಿ ಹೊರಗೆ ಬಂತು. ಅಮೆರಿಕ ಕಪ್ ಗೆದ್ದದ್ದು 15½–14½ರಿಂದ. ಉಳಿದ ಪಂದ್ಯಗಳ ಫಲಿತಾಂಶ ಹಾಗೇ ಇದ್ದು ಆ ಪಟ್ ಬಿದ್ದಿದ್ದರೆ ಲೆಕ್ಕ 15–15.

2022ರ ಮಾರ್ಚ್‌ನಲ್ಲಿ ಫ್ಲಾರಿಡಾದ ಪ್ಲೇಯರ್ಸ್ ಚಾಂಪಿಯನ್‌ಷಿಪ್. ಮಳೆಯಿಂದಾಗಿ ಟೂರ್ನಿ ಸೋಮವಾರಕ್ಕೆ ಎಳೆದಿತ್ತು. ವಿಶ್ವ ರ‍್ಯಾಂಕಿಂಗ್‌ನಲ್ಲಿ ಮುನ್ನೂರರ ಆಚೆ ಬಿದ್ದಿದ್ದ ಲಾಹಿರಿ ಕೊನೆಯ ಸುತ್ತಿಗೆ ಮುನ್ನಡೆಯಲ್ಲಿ ಇಳಿದರು. ಮುಗಿದಾಗ ಆಸ್ಟ್ರೇಲಿಯಾದ ಕ್ಯಾಮರಾನ್ ಸ್ಮಿತ್‌ಗಿಂತ ಹಿಂದಿದ್ದದ್ದು ಒಂದೇ ಒಂದು ಹೊಡೆತ. 2024ರ ಜುಲೈನಲ್ಲಿ ಸ್ಪೇನ್‌ನ ವಾಲ್ಡೆರಾಮಾದಲ್ಲಿ ಲಿವ್ ಗಾಲ್ಫ್ ಟೂರ್ನಿ ಗೆಲ್ಲಲು ಕೊನೆಯ ಹೋಲ್‌ನಲ್ಲಿ ಬೇಕಿದ್ದದ್ದು ಕೆಲವೇ ಅಡಿಯ ಪಟ್. ಅದು ತಪ್ಪಿತು, ಪ್ಲೇ ಆಫ್‌ನಲ್ಲಿ ಸೆರ್ಗಿಯೊ ಗಾರ್ಸಿಯಾ ಗೆದ್ದರು.

ಒಬ್ಬನೇ ಮನುಷ್ಯ, ಅದೇ ಕೈ. ಒಮ್ಮೆ ಏಳು ಹೊಡೆತ ದಾಟಿ ಗೆಲ್ಲುತ್ತದೆ, ಇನ್ನೊಮ್ಮೆ ನಾಲ್ಕು ಅಡಿ ದಾಟುವುದಿಲ್ಲ. ಇವನು ಗಟ್ಟಿ, ಇವನು ಪುಕ್ಕಲ ಎಂದು ಮನುಷ್ಯರನ್ನು ವಿಂಗಡಿಸುವ ನಮ್ಮ ಅಭ್ಯಾಸ ಇಲ್ಲಿ ನಿಲ್ಲುವುದೇ ಇಲ್ಲ.

ದೊಡ್ಡವರೂ ಎಡವಿದ ಜಾಗ

ಎಡವಿದವರ ಸಾಲು ಚಿಕ್ಕದಲ್ಲ. 1996ರ ಮಾಸ್ಟರ್ಸ್‌ನಲ್ಲಿ ಗ್ರೆಗ್ ನಾರ್ಮನ್ ಆರು ಹೊಡೆತ ಮುಂದಿದ್ದರು. ಕೊನೆಯ ದಿನ 78 ಹೊಡೆದು ನಿಕ್ ಫಾಲ್ಡೊ ಎದುರು ಐದು ಹೊಡೆತದಿಂದ ಸೋತರು.

1999ರಲ್ಲಿ ಸ್ಕಾಟ್ಲೆಂಡ್‌ನ ಕಾರ್ನೂಸ್ಟಿಯಲ್ಲಿ ಬ್ರಿಟಿಷ್ ಓಪನ್. ಫ್ರಾನ್ಸ್‌ನ ಜಾನ್ ವಾನ್ ಡಿ ವೆಲ್ಡ್ ಕೊನೆಯ ಹೋಲ್‌ಗೆ ಮೂರು ಹೊಡೆತದ ಮುನ್ನಡೆಯಲ್ಲಿ ಬಂದರು. ಆರು ಹೊಡೆತದಲ್ಲಿ ಮುಗಿಸಿದ್ದರೂ ಕಪ್ ಅವರದು. ಚೆಂಡು ಹಳ್ಳಕ್ಕೆ ಬಿತ್ತು. ಬೂಟು, ಕಾಲುಚೀಲ ಕಳಚಿ, ಪ್ಯಾಂಟ್ ಮಡಚಿ, ನೀರಿಗಿಳಿದು ನಿಂತ ಅವರ ಚಿತ್ರ ಇಂದಿಗೂ ಜಗತ್ತಿನ ಕಣ್ಣಲ್ಲಿದೆ. ಏಳು ಹೊಡೆತ ಆಯಿತು, ಪ್ಲೇ ಆಫ್‌ನಲ್ಲಿ ಪಾಲ್ ಲಾರಿ ಗೆದ್ದರು. ಎಲ್ಲರೂ ಮರೆಯುವ ಒಂದು ಸಂಗತಿ ಇದೆ: ಅಷ್ಟೆಲ್ಲ ಆದ ಮೇಲೂ ಪ್ಲೇ ಆಫ್‌ನಲ್ಲಿ ಉಳಿಯಲು ಬೇಕಿದ್ದ ಕೊನೆಯ ಪಟ್‌ ಅನ್ನು ವಾನ್ ಡಿ ವೆಲ್ಡ್ ತಪ್ಪದೆ ಹಾಕಿದರು.

ದಕ್ಷಿಣ ಕೊರಿಯಾದ ಕಿಮ್ ಇನ್-ಕ್ಯೂಂಗ್ 2012ರ ಮೇಜರ್ ಟೂರ್ನಿಯೊಂದನ್ನು ಗೆಲ್ಲಲು ಬೇಕಿದ್ದದ್ದು ಸುಮಾರು ಒಂದು ಅಡಿಯ ಪಟ್. ಮಗು ಕೂಡ ಹಾಕಬಹುದಾದಷ್ಟು ದೂರ. ಅದು ತಪ್ಪಿತು, ಪ್ರಶಸ್ತಿಯೂ ತಪ್ಪಿತು. ಐದು ವರ್ಷ ಕಾದು, 2017ರಲ್ಲಿ ಅವರು ಮಹಿಳೆಯರ ಬ್ರಿಟಿಷ್ ಓಪನ್ ಗೆದ್ದರು.

ಗುಡಿಗಾರರ ಉಳಿ

ಹೀಗೆ ಯಾಕಾಗುತ್ತದೆ? ಉತ್ತರ ಹುಡುಕಲು ಸೊರಬದಿಂದ ದೂರ ಹೋಗಬೇಕಾಗಿಲ್ಲ. ಶ್ರೀಗಂಧದ ಕೆತ್ತನೆಗೆ ಹೆಸರಾದ ಗುಡಿಗಾರರ ಊರು ಇದು. ಕೆತ್ತನೆಯ ಮುಂದೆ ಒಮ್ಮೆ ಕೂತು ನೋಡಿ. ಎಡಗೈಯಲ್ಲಿ ಸಣ್ಣ ಉಳಿ, ಬಲಗೈಯಲ್ಲಿ ಕೊಡತಿ. ದೇವಿಯ ಕಿರುಬೆರಳ ತುದಿ ಬಿಡಿಸುವಾಗ ಅಕ್ಕಿಕಾಳಿನಷ್ಟು ಮರ ಹೆಚ್ಚು ಹೋದರೂ ತಿಂಗಳುಗಟ್ಟಲೆ ಮಾಡಿದ ಕೆಲಸ ಹಾಳು. ಆದರೂ ಕೈ ನಿಲ್ಲುವುದಿಲ್ಲ. ಟಕ್ ಟಕ್ ಎನ್ನುವ ಸದ್ದಿನ ಲಯ ತಪ್ಪುವುದಿಲ್ಲ. ಕಣ್ಣು ಇರುವುದು ಮೂಡುತ್ತಿರುವ ಬೆರಳಿನ ಮೇಲೆ, ಉಳಿ ಹಿಡಿದ ಬೆರಳಿನ ಮೇಲಲ್ಲ. ಕೈಗೆ ಗೊತ್ತಿರುವುದನ್ನು ಕೈಗೇ ಬಿಟ್ಟಾಗ ಕೆಲಸ ಆಗುತ್ತದೆ.

ಗಾಲ್ಫ್ ಆಟಗಾರರನ್ನೇ ಇಟ್ಟುಕೊಂಡು ಮನಶ್ಶಾಸ್ತ್ರಜ್ಞೆ ಸಿಯಾನ್ ಬೈಲಾಕ್ ಮತ್ತು ಅವರ ಜೊತೆಗಾರರು ಈ ಶತಮಾನದ ಆರಂಭದಲ್ಲಿ ಮಾಡಿದ ಪ್ರಯೋಗಗಳೂ ಇದನ್ನೇ ಹೇಳಿದವು. ನಿಮ್ಮ ಹೊಡೆತದ ಒಂದೊಂದು ಹಂತವನ್ನೂ ಗಮನಿಸಿ ಆಡಿ ಎಂದಾಗ ಹೊಸಬರ ಆಟ ಸುಧಾರಿಸಿತು, ನುರಿತವರದು ಕೆಟ್ಟಿತು. ಬೇಗ ಬೇಗ ಹೊಡೆಯಿರಿ ಎಂದಾಗ ಹೊಸಬರು ಎಡವಿದರು, ನುರಿತವರು ಎಡವಲಿಲ್ಲ. ವರ್ಷಗಟ್ಟಲೆ ದುಡಿದು ಕೈಗೆ ಕಲಿಸಿದ್ದನ್ನು ಭಯಗೊಂಡ ಮನಸ್ಸು ಮತ್ತೆ ತನ್ನ ಉಸ್ತುವಾರಿಗೆ ತೆಗೆದುಕೊಳ್ಳುತ್ತದೆ. ಮೊಣಕೈ ಸರಿ ಇದೆಯೇ, ಮಣಿಕಟ್ಟು ತಿರುಗಿತೇ ಎಂದು ಕೇಳತೊಡಗುತ್ತದೆ. ಆ ಗಳಿಗೆಯಲ್ಲಿ ಇಪ್ಪತ್ತು ವರ್ಷದ ಅನುಭವಿಯೂ ಮೊದಲ ದಿನದ ವಿದ್ಯಾರ್ಥಿ.

ಇನ್ನೊಂದು ಕಾರಣ ಕಳೆದುಕೊಳ್ಳುವ ಭಯ. ಡೆವಿನ್ ಪೋಪ್ ಮತ್ತು ಮಾರಿಸ್ ಶ್ವೈಟ್ಜರ್ ಎಂಬ ಸಂಶೋಧಕರು ಪಿಜಿಎ ಟೂರ್‌ನ 25 ಲಕ್ಷಕ್ಕೂ ಹೆಚ್ಚು ಪಟ್‌ಗಳನ್ನು ಪರಿಶೀಲಿಸಿ 2011ರಲ್ಲಿ ಪ್ರಕಟಿಸಿದ ಅಧ್ಯಯನ ಒಂದಿದೆ. ದೂರ ಒಂದೇ ಇದ್ದರೂ ಬರ್ಡಿಗಾಗಿ ಹೊಡೆಯುವ ಪಟ್‌ಗಿಂತ ಪಾರ್ ಉಳಿಸಿಕೊಳ್ಳುವ ಪಟ್ ಹೆಚ್ಚು ಬೀಳುತ್ತದೆ. ಗಳಿಸುವ ಆಸೆಗಿಂತ ಕಳೆದುಕೊಳ್ಳುವ ಭಯಕ್ಕೆ ಹಿಡಿತ ಹೆಚ್ಚು. ಒಂದು ಪಟ್‌ನಲ್ಲಿ ಆ ಭಯ ಕೈ ಹಿಡಿಯಬಹುದು. ಆದರೆ ಏಳು ಹೊಡೆತ ಮುಂದಿರುವವರು ಬೆಳಗ್ಗೆಯಿಂದ ಸಂಜೆವರೆಗೆ ಕಾಯಬೇಕಾದ್ದು ಗಂಟನ್ನು. ಹಿಂದಿರುವವರಿಗೆ ಕಾಯಲು ಏನೂ ಇಲ್ಲ. ಮುನ್ನಡೆ ಆಟಗಾರನ ತಲೆಯ ಮೇಲಿನ ಹೊರೆಯಾಗುವುದು ಹೀಗೆ ಎಂದು ನನಗನ್ನಿಸುತ್ತದೆ.

ದೀಪಾವಳಿ ಕಳೆದ ಮೇಲೆ ನಮ್ಮ ಸೊರಬ, ಶಿಕಾರಿಪುರದ ಹಳ್ಳಿಗಳಲ್ಲಿ ಹೋರಿ ಬೆದರಿಸುವ ಹಬ್ಬ ನಡೆಯುತ್ತದೆ. ಕೊಬ್ಬರಿ ಸರ ಕಟ್ಟಿಕೊಂಡು ಹೋರಿ ನುಗ್ಗಿ ಬರುವಾಗ ಅಖಾಡದಲ್ಲಿ ನಿಂತವನಿಗೆ ಯೋಚಿಸಲು ಸಮಯವೇ ಇಲ್ಲ. ಹಿಡಿದರೆ ಹಿಡಿದ, ಬಿಟ್ಟರೆ ಬಿಟ್ಟ. ಅಪಾಯ ದೇಹಕ್ಕೆ, ಮನಸ್ಸಿಗಲ್ಲ. ಗಾಲ್ಫ್‌ನಲ್ಲಿ ಚೆಂಡು ಅಲ್ಲಾಡದೆ ಕಾಲಬುಡದಲ್ಲಿ ಕಾಯುತ್ತದೆ. ಸಾವಿರಾರು ಜನ ಉಸಿರು ಬಿಗಿಹಿಡಿದು ನಿಲ್ಲುತ್ತಾರೆ. ತಳ್ಳುವ ಎದುರಾಳಿ ಇಲ್ಲ, ಕೆಟ್ಟ ಎಸೆತ ಹಾಕುವ ಬೌಲರ್ ಇಲ್ಲ, ತಪ್ಪು ಹೊರಿಸಲು ಇನ್ನೊಬ್ಬರಿಲ್ಲ. ಆ ನಿಶ್ಶಬ್ದದಲ್ಲಿ ಒಬ್ಬಂಟಿಯಾಗಿ ನಿಲ್ಲುವ ಧೈರ್ಯವೂ ಧೈರ್ಯವೇ.

ಮರಳಿ ನಿಲ್ಲುವ ಜಾಗ

ಕುಸಿದ ದಿನ ಮುಗಿದ ಮೇಲೆ ಏನಾಯಿತು ಎಂಬುದನ್ನು ನಾವು ಓದುವುದು ಕಡಿಮೆ. ಉತ್ತರ ಐರ್ಲೆಂಡಿನ ರೋರಿ ಮೆಕಿಲ್ರಾಯ್ 2011ರ ಮಾಸ್ಟರ್ಸ್‌ನಲ್ಲಿ ನಾಲ್ಕು ಹೊಡೆತ ಮುಂದಿದ್ದು ಕೊನೆಯ ದಿನ 80 ಹೊಡೆದರು. ವಯಸ್ಸು 21. ಎರಡೇ ತಿಂಗಳಲ್ಲಿ ಯು.ಎಸ್. ಓಪನ್ ಅನ್ನು ಎಂಟು ಹೊಡೆತಗಳಿಂದ ಗೆದ್ದರು. 2024ರಲ್ಲಿ ಅದೇ ಯು.ಎಸ್. ಓಪನ್‌ನ ಕೊನೆಯ ಹೋಲ್‌ಗಳಲ್ಲಿ ಎರಡು ಪುಟ್ಟ ಪಟ್ ತಪ್ಪಿಸಿ ಸೋತರು. 2025ರ ಏಪ್ರಿಲ್‌ನಲ್ಲಿ ಮತ್ತೆ ಮಾಸ್ಟರ್ಸ್‌ನ ಕೊನೆಯ ಹೋಲ್, ಮತ್ತೆ ಗೆಲುವಿನ ಪುಟ್ಟ ಪಟ್. ಅದೂ ತಪ್ಪಿತು. ನೋಡಿದವರೆಲ್ಲ ಕಣ್ಣು ಮುಚ್ಚಿಕೊಂಡರು. ಕೆಲವೇ ನಿಮಿಷದಲ್ಲಿ ಅದೇ ಗ್ರೀನ್‌ಗೆ ಮರಳಿ, ಪ್ಲೇ ಆಫ್‌ನ ಮೊದಲ ಹೋಲ್‌ನಲ್ಲಿ ಬರ್ಡಿ ಹಾಕಿ ಜಸ್ಟಿನ್ ರೋಸ್ ಅವರನ್ನು ಸೋಲಿಸಿದರು. ಹದಿನಾಲ್ಕು ವರ್ಷದ ಹಿಂದಿನ ಗಾಯ ಅಂದು ಮಾಯಿತು.

ಅದಿತಿಯೂ ಹೀಗೆಯೇ. ಹಾಂಗ್‌ಝೌನಲ್ಲಿ 77 ಹೊಡೆದ ಎಂಟು ವಾರದಲ್ಲಿ, 2023ರ ನವೆಂಬರ್ ಕೊನೆಗೆ, ಸ್ಪೇನ್‌ನಲ್ಲಿ ಲೇಡೀಸ್ ಯುರೋಪಿಯನ್ ಟೂರ್‌ನ ಪ್ರಶಸ್ತಿ ಗೆದ್ದರು. ಅದು ಅವರ ಐದನೆಯ ಪ್ರಶಸ್ತಿ. ಹಾಂಗ್‌ಝೌ ಕುರಿತು ಮರುಗಿದ ನಮ್ಮಲ್ಲಿ ಎಷ್ಟು ಜನ ಆ ಸುದ್ದಿ ಓದಿದ್ದೇವೆ?

ಉಳ್ಳವರ ಆಟವೆಂದೇ ಹೆಸರಾದ ಈ ಗಾಲ್ಫ್‌ಗೆ ಬಿಡದಿ ಕಡೆಯ ಹಳ್ಳಿಯಿಂದ ಬಂದ ಎಸ್. ಚಿಕ್ಕರಂಗಪ್ಪ ವೃತ್ತಿಪರರಾಗಿ ಪ್ರಶಸ್ತಿಗಳನ್ನು ಗೆದ್ದಿದ್ದಾರೆ. ಮೈಸೂರಿನ ಪ್ರಣವಿ ಅರಸ್ ಯುರೋಪಿನ ಟೂರ್‌ನಲ್ಲಿ ಆಡುತ್ತಿದ್ದಾರೆ. ಇವರೂ ಎಂದಾದರೂ ಕೊನೆಯ ನಾಲ್ಕು ಅಡಿಯ ಮುಂದೆ ನಿಲ್ಲುತ್ತಾರೆ. ಕೆಲವು ಬೀಳುತ್ತವೆ, ಕೆಲವು ಸರಿದುಹೋಗುತ್ತವೆ.

ಅದು ಗಾಲ್ಫ್‌ಗೆ ಮುಗಿಯುವ ಮಾತೂ ಅಲ್ಲ. ತಾಲ್ಲೂಕು ಮಟ್ಟದ ಕ್ರೀಡಾಕೂಟದಲ್ಲಿ ಕೊನೆಯ ರೈಡ್‌ಗೆ ಹೋಗಿ ಸಿಕ್ಕಿಬಿದ್ದ ಕಬಡ್ಡಿ ಹುಡುಗ ಇದ್ದಾನೆ, ಗೆರೆ ಮುಟ್ಟುವ ಮುಂಚೆ ಬ್ಯಾಟನ್ ಜಾರಿಸಿಕೊಂಡ ರಿಲೇ ಹುಡುಗಿ ಇದ್ದಾಳೆ. ನಿನ್ನಿಂದಲೇ ಸೋತೆವು ಎಂಬ ಮಾತು ಆ ಮಕ್ಕಳ ಕಿವಿಯಲ್ಲಿ ಬಹಳ ವರ್ಷ ಉಳಿಯುತ್ತದೆ. ಮೇಷ್ಟ್ರೇ, ಅಪ್ಪ ಅಮ್ಮಂದಿರೇ, ಆ ಮಾತು ಆಡಬೇಡಿ. ಕೊನೆಯ ಸರದಿ ಸಿಗುವುದೇ ಅಲ್ಲಿಯವರೆಗೆ ಚೆನ್ನಾಗಿ ಆಡಿ ಬಂದವರಿಗೆ. ಮರುದಿನದ ಆಟದಲ್ಲಿ ಕೊನೆಯ ಸರದಿಯನ್ನು ಮತ್ತೆ ಆ ಮಗುವಿಗೇ ಕೊಡಿ.